ಬ್ರಿಸ್ಬೇನ್‌ನಲ್ಲಿ ಸ್ಕಿನ್ ಚೆಕ್: ನಮ್ಮಂಥ ಕಂದು ಚರ್ಮದವರಿಗೂ ಬೇಕಾ?

ನೇರವಾಗಿ ಹೇಳಿಬಿಡುತ್ತೇನೆ. ಬ್ರಿಸ್ಬೇನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಯಾವ ಮೂಲೆಯಲ್ಲೇ ಆಗಲಿ, ಇರುವ ಕನ್ನಡದವರು ಒಂದು ಸಲ ಸ್ಕಿನ್ ಚೆಕ್, ಅಂದರೆ ಚರ್ಮದ ಕ್ಯಾನ್ಸರ್ ಇದೆಯಾ ಅಂತ ಡಾಕ್ಟರ್ ಮೈಯೆಲ್ಲ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಿ. ಆದರೆ ಅಂಗಾಲು, ಕಾಲ್ಬೆರಳ ಸಂದಿ, ಉಗುರು ಇಷ್ಟನ್ನೂ ನೋಡುವ ಡಾಕ್ಟರ ಹತ್ತಿರ ಮಾಡಿಸಿ. ಬೆನ್ನು, ಮುಖ, ಕೈ ಮಾತ್ರ ನೋಡಿ "ನಿಮ್ಮ ಚರ್ಮಕ್ಕೆ ಏನೂ ಭಯ ಇಲ್ಲ" ಎಂದು ಐದು ನಿಮಿಷದಲ್ಲಿ ಎಬ್ಬಿಸಿ ಕಳಿಸುವ ಕಡೆ ದುಡ್ಡು ಕೊಡಬೇಡಿ.

ನಾವು ಹೋಗಿದ್ದು ನಗರದ ದಕ್ಷಿಣ ಭಾಗದ ಒಂದು ಸ್ಕಿನ್ ಕ್ಯಾನ್ಸರ್ ಕ್ಲಿನಿಕ್‌ಗೆ. ನಾನು, ನಮ್ಮ ಯಜಮಾನರು, ತೀರ್ಥಹಳ್ಳಿ ಕಡೆಯಿಂದ ಬಂದಿರುವ ನಮ್ಮತ್ತೆ. ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಡಾಕ್ಟರಮ್ಮನ ಬಗ್ಗೆ ಹೇಳುವುದೆಲ್ಲ ಒಳ್ಳೆಯದೇ, ಕೌಂಟರ್‌ನಲ್ಲಿ ಆಗಿದ್ದರ ಬಗ್ಗೆ ಬೇಜಾರಿದೆ, ಎರಡನ್ನೂ ಬಿಚ್ಚಿ ಹೇಳಬೇಕು ಅಂತ ಹೀಗೆ ಬರೆಯುತ್ತಿದ್ದೇನೆ.

ನಮ್ಮವರಲ್ಲಿ ಒಂದು ನಂಬಿಕೆ ಇದೆ, ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಅಂತ. ಅದು ಪೂರ್ತಿ ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಯಾವುದೋ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಅದರಲ್ಲಿ ಹೆಚ್ಚಿನವು ಸಣ್ಣದಾಗಿ ಕತ್ತರಿಸಿ ತೆಗೆದರೆ ಮುಗಿಯುವಂಥವು, ಆದರೆ ಮೆಲನೋಮ ಹಾಗಲ್ಲ, ಅದು ಬೇಗ ಒಳಗೆ ಇಳಿಯುತ್ತದೆ. ತಂಪು ದೇಶಗಳಿಂದ ಬಂದವರ ಬೆಳ್ಳಗಿನ ಚರ್ಮ, ಮೇಲೆ ಇಲ್ಲಿನ ಬಿಸಿಲು. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಆಗ ಇಲ್ಲಿ ನಡು ಬೇಸಿಗೆ. ಗಾಳಿಯೂ ಶುಭ್ರ. ಬೇಸಿಗೆಯ ಮಧ್ಯಾಹ್ನ ಯುವಿ (ಬಿಸಿಲಿನ ಅತಿನೇರಳೆ ಕಿರಣ) ಸೂಚ್ಯಂಕ ಇಲ್ಲಿ 12 ದಾಟುವುದು ಮಾಮೂಲು, 11 ದಾಟಿದರೇ ಅದು ಅತಿರೇಕ ಅಂತ ಲೆಕ್ಕ. ಜೂನ್ ಚಳಿಯಲ್ಲೂ ಮಧ್ಯಾಹ್ನದ ಸೂಚ್ಯಂಕ 3ರ ಮೇಲೇ ಇರುತ್ತದೆ. ಇಲ್ಲಿನವರು ಸೂಚ್ಯಂಕ 3 ಬಂದ ಕೂಡಲೇ ಟೋಪಿ ಹಾಕಿ, ಸನ್‌ಸ್ಕ್ರೀನ್ ಹಚ್ಚಿ ಅಂತಾರೆ. ಸೆಖೆ ಇಲ್ಲ, ತಣ್ಣಗಿದೆ, ಹಾಗಾಗಿ ಬಿಸಿಲು ಏನೂ ಮಾಡಲ್ಲ ಅಂದುಕೊಳ್ಳಬಾರದು. ಶಾಖವೇ ಬೇರೆ, ಅತಿನೇರಳೆ ಕಿರಣವೇ ಬೇರೆ.

ನಮ್ಮ ಚರ್ಮಕ್ಕೆ ಒಂದು ಅನುಕೂಲ ಇರುವುದು ನಿಜ. ಬಣ್ಣ ಮಾಡುವ ಜೀವಕೋಶಗಳ ಸಂಖ್ಯೆ ಬಿಳಿಯರಿಗೂ ನಮಗೂ ಹೆಚ್ಚು ಕಮ್ಮಿ ಒಂದೇ. ನಮ್ಮಲ್ಲಿ ಅವು ಮೆಲನಿನ್ ಅನ್ನುವ ಬಣ್ಣ ಜಾಸ್ತಿ ಮಾಡುತ್ತವೆ, ದೊಡ್ಡ ಕಣಗಳಾಗಿ ಮಾಡುತ್ತವೆ. ಆ ಕಣಗಳು ಜೀವಕೋಶದ ನಡುವೆ ಡಿಎನ್‌ಎ ಇರುವ ಭಾಗದ ಮೇಲೆ ಕೊಡೆ ಬಿಚ್ಚಿದ ಹಾಗೆ ಕೂರುತ್ತವೆ. ಹಾಗಾಗಿ ಯುವಿ ಬಿದ್ದು ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ತುಣುಕುಗಳು ಒಂದಕ್ಕೊಂದು ಅಂಟಿಕೊಳ್ಳುವುದು ನಮ್ಮಲ್ಲಿ ಕಡಿಮೆ. ದೇಹ ಆ ಹಾಳಾದದ್ದನ್ನು ತಾನೇ ರಿಪೇರಿ ಮಾಡುತ್ತಲೂ ಇರುತ್ತದೆ, ಕೆಲವೊಮ್ಮೆ ತಪ್ಪಿಹೋದದ್ದು ಉಳಿದು, ವರ್ಷಗಟ್ಟಲೆ ಪೇರಿಸಿಕೊಂಡು ಕ್ಯಾನ್ಸರ್ ಆಗುತ್ತದೆ.

ಆದರೆ ನಮ್ಮಂಥವರಿಗೆ ಮೆಲನೋಮ ಬಂದರೆ ಅದು ಬಿಸಿಲೇ ಬೀಳದ ಜಾಗದಲ್ಲಿ ಬರುವುದು ಜಾಸ್ತಿ. ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಾಬ್ ಮಾರ್ಲಿ ಗೊತ್ತಲ್ವಾ, ಅವರಿಗೆ 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ ಕಂಡಿದ್ದು ಇದೇ. 1981ರಲ್ಲಿ ತೀರಿಕೊಂಡಾಗ ಇನ್ನೂ 36 ವರ್ಷ. ಸನ್‌ಸ್ಕ್ರೀನ್ ಹಚ್ಚಿದ್ದರೆ ತಪ್ಪುತ್ತಿತ್ತು ಅನ್ನುವ ಕಾಯಿಲೆ ಅಲ್ಲ ಅದು. ನೋಡಿದರೆ ಮಾತ್ರ ಸಿಗುತ್ತದೆ. ನಮ್ಮವರಲ್ಲಿ ತಡವಾಗಿ ಸಿಗುವುದು ಯಾರೂ ಅಲ್ಲಿ ನೋಡುವುದಿಲ್ಲ ಅಂತಲೇ.

ಈಗ ಚೆಕ್ ಹೇಗಿತ್ತು ಅಂತ ಹೇಳುತ್ತೇನೆ. ಫೋನಿನಲ್ಲಿ ಹೊತ್ತು ಗೊತ್ತು ಮಾಡಿಕೊಳ್ಳುವಾಗಲೇ ಹೇಳಿದ್ದರು, ಮೇಕಪ್ ಬೇಡ, ಉಗುರಿಗೆ ಬಣ್ಣ ಇದ್ದರೆ ತೆಗೆದು ಬನ್ನಿ ಅಂತ. ಮದರಂಗಿ ಹಚ್ಚಿದ್ದರೆ ಅದು ಪೂರ್ತಿ ಹೋದ ಮೇಲೆಯೇ ಹೋಗಿ, ಉಗುರಿನ ಗೆರೆ ಯಾವುದು ಮದರಂಗಿ ಯಾವುದು ತಿಳಿಯುವುದಿಲ್ಲ. ಒಳ ಉಡುಪು ಬಿಟ್ಟು ಉಳಿದದ್ದೆಲ್ಲ ತೆಗೆದು ಗೌನ್ ಹಾಕಿಕೊಳ್ಳಬೇಕು. ಹೆಂಗಸರೇ ಡಾಕ್ಟರ್ ಬೇಕು ಅಂದರೆ ಮೊದಲೇ ಕೇಳಿ, ಕೊಡುತ್ತಾರೆ, ಮುಜುಗರ ಪಡಬೇಡಿ. ಅತ್ತೆಯ ಜೊತೆ ನಾನೂ ಒಳಗಿರಬಹುದಾ ಅಂದಿದ್ದಕ್ಕೆ ಧಾರಾಳವಾಗಿ ಇರಿ ಅಂದರು.

ಡಾಕ್ಟರಮ್ಮ ತಲೆಯಿಂದ ಶುರು ಮಾಡಿದರು. ಬೈತಲೆ ಬಿಡಿಸಿ ಬಿಡಿಸಿ ನೆತ್ತಿ ನೋಡಿದರು, ಕಿವಿಯ ಹಿಂದೆ, ಕೆಳದುಟಿ, ಕತ್ತು. ಕೈಯಲ್ಲಿ ಡರ್ಮಟೋಸ್ಕೋಪ್. ಅಂಗೈಯಲ್ಲಿ ಹಿಡಿಸುವ ಒಂದು ದೀಪದ ಭೂತಗನ್ನಡಿ ಅದು, ಚರ್ಮದ ಮೇಲೆ ಹೊಳಪು ತಪ್ಪಿಸಿ ಒಂದು ಪದರ ಒಳಗಿನ ಬಣ್ಣ ತೋರಿಸುತ್ತದೆ. ಅತ್ತೆಯ ಕೆನ್ನೆ, ಕತ್ತಿನ ಮೇಲೆ ಸಣ್ಣ ಸಣ್ಣ ಕಪ್ಪು ಗುಳ್ಳೆಗಳಿವೆ. ಮನೆಯಲ್ಲಿ ಅದರದ್ದೇ ಚಿಂತೆ ಇತ್ತು. ಡಾಕ್ಟರಮ್ಮ ಒಂದೆರಡರ ಮೇಲೆ ಕನ್ನಡಿ ಇಟ್ಟು ನೋಡಿ, ವಯಸ್ಸಾದ ಮೇಲೆ ಬರುವಂಥವು, ಕ್ಯಾನ್ಸರ್ ಆಗುವಂಥವಲ್ಲ, ಸುಮ್ನೆ ಬಿಡಿ ಅಂದರು.

ಆಮೇಲೆ ಕಾಲು. ಕಾಲುಂಗುರ ತೆಗೆಯಬೇಕು ಅಂದರು.

"ಅತ್ತೆ, ಕಾಲುಂಗುರ ಒಂಚೂರು ತೆಗೀಬೇಕಂತೆ."

"ಅಯ್ಯೋ, ಅದ್ಯಾಕೆ ತೆಗೀಬೇಕಮ್ಮ? ಮದುವೆ ಆದಾಗಿಂದ ತೆಗೆದಿಲ್ಲ."

"ಬೆರಳ ಸಂದಿ ನೋಡ್ಬೇಕಂತೆ. ನೋಡಿ ಆದ್ಮೇಲೆ ನಾನೇ ಹಾಕ್ತೀನಿ."

ಸೋಪಿನ ನೀರು ಹಚ್ಚಿ ತೆಗೆದೆವು. ಕಾಲುಂಗುರದ ಕೆಳಗಿನ ಚರ್ಮ ಉಜ್ಜಿ ಉಜ್ಜಿ ಕಪ್ಪಾಗಿತ್ತು. ಅದನ್ನು ಡಾಕ್ಟರಮ್ಮ ಪೂರ್ತಿ ಸುತ್ತ ತಿರುಗಿಸಿ ನೋಡಿದರು. ಹಿಮ್ಮಡಿಯ ಹತ್ತಿರ ಒಂದು ಕಂದು ಮಚ್ಚೆ ಇತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ. ಅದರ ಮೇಲೆ ಸ್ವಲ್ಪ ಜೆಲ್ ಹಾಕಿ ನೋಡಿ, ಪರದೆಯ ಮೇಲೆ ದೊಡ್ಡದು ಮಾಡಿ ನಮಗೂ ತೋರಿಸಿದರು. ಅಂಗಾಲಿನಲ್ಲಿ ಬೆರಳಚ್ಚಿನ ಥರ ಗೆರೆಗಳಿರುತ್ತವಲ್ಲ, ಬಣ್ಣ ಆ ಗೆರೆಗಳ ತಗ್ಗಿನಲ್ಲಿ ಸಾಲಾಗಿ ನಿಂತಿದ್ದರೆ ಸಾಮಾನ್ಯವಾಗಿ ಅದು ಬರೀ ಮಚ್ಚೆ. ಗೆರೆಗಳ ದಿಣ್ಣೆಯ ಮೇಲೆ ಬಣ್ಣ ಹರಡಿದ್ದರೆ ತೆಗೆದು ಪರೀಕ್ಷೆಗೆ ಕಳಿಸಬೇಕು. ಅತ್ತೆಯದು ತಗ್ಗಿನಲ್ಲಿತ್ತು. ಅಷ್ಟು ಸಣ್ಣ ವ್ಯತ್ಯಾಸ, ಬರಿಗಣ್ಣಿಗೆ ಕಾಣುವುದೇ ಇಲ್ಲ. ನಾವು ಕೊಟ್ಟ ದುಡ್ಡು ಇದೊಂದಕ್ಕೇ ಸಾರ್ಥಕ ಅನ್ನಿಸಿತು ನನಗೆ.

ಉಗುರಿನದ್ದೂ ಹಾಗೇ. ಕಂದು ಚರ್ಮದವರ ಉಗುರಿನಲ್ಲಿ ಉದ್ದುದ್ದ ಕಪ್ಪು ಗೆರೆ ಇರುವುದು ತುಂಬಾ ಮಾಮೂಲು, ನಾಲ್ಕಾರು ಉಗುರಲ್ಲಿ ತೆಳ್ಳಗೆ ಇದ್ದರೆ ಹೆಚ್ಚಾಗಿ ಭಯ ಪಡುವಂಥದ್ದಲ್ಲ. ಒಂದೇ ಉಗುರಲ್ಲಿ ಹೊಸದಾಗಿ ಬಂದು, ಅಗಲ ಆಗುತ್ತಾ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ತಡ ಮಾಡಬಾರದು. ಅತ್ತೆಯ ಬಲಗಾಲ ಹೆಬ್ಬೆರಳಲ್ಲಿ ಒಂದು ತೆಳು ಗೆರೆ ಇದೆ. ಅದರ ಫೋಟೋ ತೆಗೆದು ಇಟ್ಟುಕೊಂಡರು, 3 ತಿಂಗಳ ನಂತರ ಇನ್ನೊಂದು ಫೋಟೋ ಹೋಲಿಸಿ ನೋಡಬೇಕಂತೆ. ಬದಲಾಗದೆ ಇದ್ದರೆ ಸರಿ.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಹಳೆಯ ಸುಟ್ಟ ಗಾಯ ಏನಾದರೂ ಇದೆಯಾ, ಅದು ಆಗಾಗ ಹುಣ್ಣಾಗುತ್ತದಾ ಅಂತ. ಅತ್ತೆಯ ಎಡಗೈಯಲ್ಲಿ ದೊಡ್ಡ ಕಲೆ ಇದೆ, ಎಷ್ಟೋ ವರ್ಷದ ಹಿಂದೆ ಅಡಿಕೆ ಬೇಯಿಸುವಾಗ ಕುದಿಯುವ ಚೊಗರು ಚೆಲ್ಲಿದ್ದು. ಇಂಥ ಹಳೆಯ ಸುಟ್ಟ ಕಲೆಗಳಲ್ಲಿ, ವಾಸಿಯಾಗದೆ ಉಳಿದ ಹುಣ್ಣುಗಳಲ್ಲಿ ದಶಕಗಳ ನಂತರ ಚರ್ಮದ ಕ್ಯಾನ್ಸರ್ ಬರಬಹುದು, ನಮ್ಮ ದೇಶದಲ್ಲಿ ಹಾಗೆ ಬರುವುದು ಇದೆ. ಅವರು ಕಲೆಯ ಅಂಚನ್ನೆಲ್ಲ ಬೆರಳಲ್ಲಿ ಒತ್ತಿ ನೋಡಿ, ಇಲ್ಲಿ ಗಂಟು ಬಂದರೆ, ಒಡೆದು ವಾಸಿಯಾಗದೆ ಇದ್ದರೆ ತಡಮಾಡದೆ ತೋರಿಸಿ ಅಂದರು. ಬಿಳಿಯರನ್ನೇ ನೋಡಿ ನೋಡಿ ಅಭ್ಯಾಸ ಆದವರು ಇದನ್ನು ಕೇಳಿದ್ದಕ್ಕೆ ಈ ಡಾಕ್ಟರಿಗೆ ಪೂರ್ತಿ ಅಂಕ.

ವಯಸ್ಸಾದ ಚರ್ಮದ ವಿಷಯಕ್ಕೆ ಬರುತ್ತೇನೆ. ಬಿಸಿಲು ನಮಗೆ ನಿಜವಾಗಿ ಲುಕ್ಸಾನು ಮಾಡುವುದು ಇಲ್ಲೇ. ಅತ್ತೆ ಮೊದಲಿಂದಲೂ ಅಂಗಳದಲ್ಲಿ ಅಡಿಕೆ ಹರವಿ, ಕೈಯಾಡಿಸಿ, ಒಟ್ಟು ಮಾಡಿ ಬೆಳೆದವರು. ಡಾಕ್ಟರಮ್ಮ ಅವರ ಮೊಣಕೈ ಕೆಳಗಿನ ಭಾಗವನ್ನೂ ತೋಳಿನ ಒಳಭಾಗವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಹೊರಗೆ ಚರ್ಮ ದೊರಗು, ಗೆರೆ ಗೆರೆ, ಅಲ್ಲಲ್ಲಿ ಕಪ್ಪು ಚುಕ್ಕೆ, ಒಂದು ಕಡೆ ಬಣ್ಣವೇ ಹೋದ ಬಿಳಿ ಚುಕ್ಕೆ. ಕಂಕುಳ ಹತ್ತಿರ ಒಳಗೆ ನಯವಾಗಿ, ಒಂದೇ ಬಣ್ಣವಾಗಿ ಇದೆ. ಎರಡೂ ಒಂದೇ ಮೈ, ಒಂದೇ ವಯಸ್ಸು. ವಯಸ್ಸಿನಿಂದ ಬಂದಿದ್ದು ಎಷ್ಟು, ಬಿಸಿಲಿಂದ ಬಂದಿದ್ದು ಎಷ್ಟು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವೂ ಈಗಲೇ ಕನ್ನಡಿ ಮುಂದೆ ನೋಡಿಕೊಳ್ಳಬಹುದು.

ಬಿಸಿಲಿನ ಯುವಿಯಲ್ಲಿ ಯುವಿಎ, ಯುವಿಬಿ ಅಂತ ಎರಡು ಬಗೆ, ಇದನ್ನು ಮಾಡುವುದರಲ್ಲಿ ಯುವಿಎ ಕಿರಣಗಳದ್ದೇ ದೊಡ್ಡ ಪಾಲು. ಯುವಿಬಿ ಮೇಲಿನ ಪದರ ಸುಡುತ್ತದೆ. ಯುವಿಎ ಇನ್ನೂ ಆಳಕ್ಕೆ ಹೋಗುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಅದು ಎಬ್ಬಿಸುತ್ತದೆ, ಹೊಸ ನಾರು ಹುಟ್ಟುವುದು ಕಡಿಮೆಯಾಗುತ್ತದೆ, ಸುಕ್ಕು ಬರುತ್ತದೆ. ಬಿಳಿಯರಲ್ಲಿ ಸುಕ್ಕು ಬೇಗ ಕಾಣುತ್ತದೆ. ನಮ್ಮಲ್ಲಿ ಸುಕ್ಕು ತಡ, ಆದರೆ ಬಣ್ಣ ಕೆಡುವುದು ಮೊದಲು. ಬಂಗು, ಕಣ್ಣಿನ ಸುತ್ತ ಕಪ್ಪು, ಹಣೆಯ ಬದಿ ಕಪ್ಪು, ಇದೆಲ್ಲ ಬಿಸಿಲಿಗೆ ಜಾಸ್ತಿ ಆಗುತ್ತದೆ.

ನಮ್ಮ ಯಜಮಾನರು ಡೆಲಿವರಿ ವ್ಯಾನ್ ಓಡಿಸುತ್ತಾರೆ. ಅವರ ಬಲಗೈ, ಬಲಗೆನ್ನೆ ಎಡಕ್ಕಿಂತ ಎದ್ದು ಕಾಣುವಷ್ಟು ಕಪ್ಪು, ಕಿಟಕಿ ಆ ಕಡೆ ಇರುವುದರಿಂದ. ಇವರು ಹೇಳುತ್ತಿದ್ದಿದ್ದು, ಗಾಜು ಏರಿಸಿ ಎಸಿ ಹಾಕಿಕೊಂಡಿರ್ತೀನಲ್ಲ ಅಂತ. ಮುಂದಿನ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದು ಯುವಿಎಯನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿ ಗಾಜು ಹಾಗಲ್ಲ, ಯುವಿಎ ಒಳಗೆ ಬರುತ್ತಲೇ ಇರುತ್ತದೆ. 2012ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಬ್ಬ 69 ವರ್ಷದ ಲಾರಿ ಡ್ರೈವರ್ ಫೋಟೋ ಬಂದಿತ್ತು. 28 ವರ್ಷ ಲಾರಿ ಓಡಿಸಿದವರು. ಅಲ್ಲಿ ಡ್ರೈವರ್ ಎಡಗಡೆ ಕೂರುವುದು. ಅವರ ಎಡಗೆನ್ನೆ ದಪ್ಪಗೆ, ಆಳವಾದ ಗೆರೆಗಳು ಬಿದ್ದು ಜೋತಿತ್ತು, ಬಲಗೆನ್ನೆ ಹತ್ತಿಪ್ಪತ್ತು ವರ್ಷ ಚಿಕ್ಕವರದ್ದು ಅನ್ನುವ ಹಾಗಿತ್ತು. ಡಾಕ್ಟರಮ್ಮ ಆ ಫೋಟೋ ತೋರಿಸಿದ ಮೇಲೆ ಇವರು ಮಾತಾಡಲಿಲ್ಲ, ಮಾರನೆಯ ದಿನವೇ ತುಂಬು ತೋಳಿನ ಅಂಗಿ ಹಾಕಿಕೊಂಡು ಹೋದರು. ನಮ್ಮೂರಿನ ಕೆಎಸ್‌ಆರ್‌ಟಿಸಿ ಡ್ರೈವರುಗಳು, ಟ್ಯಾಕ್ಸಿಯವರು, ಅವರೆಲ್ಲರ ಬಲಗೈ ನೆನಪು ಮಾಡಿಕೊಳ್ಳಿ.

ಸನ್‌ಸ್ಕ್ರೀನ್ ನಿಜವಾಗಿ ಕೆಲಸ ಮಾಡುತ್ತಾ? ಮಾಡುತ್ತದೆ, ಅದಕ್ಕೆ ಇಲ್ಲಿಯೇ ಸಾಕ್ಷಿ ಇದೆ. ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ನಂಬೂರ್ ಅಂತ ಒಂದು ಊರು. 1992ರಿಂದ 1996ರವರೆಗೆ ಆ ಊರಿನ 1,600ಕ್ಕೂ ಹೆಚ್ಚು ಜನರನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಕೆಲವರಿಗೆ ದಿನಾ ಹಚ್ಚಿ ಅಂದರು, ಉಳಿದವರಿಗೆ ನಿಮ್ಮಿಷ್ಟ ಅಂದರು. ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಅನ್ನುವ ಬಗೆಯ ಕ್ಯಾನ್ಸರ್ ಸುಮಾರು 40% ಕಡಿಮೆಯಾಯಿತು. ಪ್ರಯೋಗ ಮುಗಿದು 10 ವರ್ಷದ ನಂತರ ನೋಡಿದಾಗ ಮೆಲನೋಮ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿದಿತ್ತು. 55 ವರ್ಷದ ಒಳಗಿನವರ ಕೈ ಚರ್ಮದ ಅಚ್ಚು ತೆಗೆದು ನೋಡಿದಾಗ ದಿನಾ ಹಚ್ಚಿದವರಲ್ಲಿ ಮುಪ್ಪಿನ ಗುರುತು 24% ಕಡಿಮೆ, ಈ ಫಲಿತಾಂಶ 2013ರಲ್ಲಿ ಬಂತು. ಸೇರಿಕೊಂಡವರು ಬಹುತೇಕ ಬಿಳಿಯರು ಅನ್ನುವುದನ್ನು ಮರೆಯಬಾರದು, ಕ್ಯಾನ್ಸರಿನ ಲೆಕ್ಕ ನಮಗೆ ಹಾಗ್ಹಾಗೇ ಹೊಂದುವುದಿಲ್ಲ.

ಅದಕ್ಕೇ 2024ರಲ್ಲಿ ಇಲ್ಲಿನ ತಜ್ಞರು ಎಲ್ಲರಿಗೂ ಒಂದೇ ನಿಯಮ ಬೇಡ ಅಂತ ಚರ್ಮದ ಬಣ್ಣ ನೋಡಿ ಮೂರು ಗುಂಪು ಮಾಡಿದರು. ತೀರಾ ಕಪ್ಪು ಚರ್ಮದವರು ದಿನಾ ಹಚ್ಚಲೇಬೇಕು ಅಂತಿಲ್ಲ, ಅವರಿಗೆ ವಿಟಮಿನ್ ಡಿ ಕೊರತೆಯೇ ದೊಡ್ಡ ಚಿಂತೆ, ಬಹಳ ಹೊತ್ತು ಬಿಸಿಲಲ್ಲಿ ಇರುವಾಗ ಜೋಪಾನ ಮಾಡಿದರೆ ಸಾಕು. ನಮ್ಮಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ಬಣ್ಣ ಇರುತ್ತದೆ, ಹಾಗಾಗಿ ನೀವು ಯಾವ ಗುಂಪು ಅಂತ ಡಾಕ್ಟರನ್ನೇ ಕೇಳಿ. ನನಗೆ ಬಂಗು ಇರುವುದರಿಂದ ದಿನಾ ಹಚ್ಚಲು ಹೇಳಿದರು. ಅದರಲ್ಲೂ ಬಣ್ಣ ಬೆರೆಸಿದ್ದು, ಟಿಂಟೆಡ್ ಅಂತಾರಲ್ಲ, ಅದು. ಬಂಗು ಯುವಿಗೆ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿಗೂ ಗಾಢವಾಗುತ್ತದೆ. ಟಿಂಟೆಡ್‌ನಲ್ಲಿರುವ ಐರನ್ ಆಕ್ಸೈಡ್ ಆ ಬೆಳಕನ್ನೂ ತಡೆಯುತ್ತದೆ. ಬರೀ ಬಿಳಿ ಕ್ರೀಮ್ ತಡೆಯುವುದು ಕಡಿಮೆ, ಮೇಲೆ ನಮ್ಮ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತದೆ.

ಹಚ್ಚುವ ಪ್ರಮಾಣ ಮುಖ್ಯ. ಎಸ್‌ಪಿಎಫ್ ಅಂಕೆ, ಅಂದರೆ ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ, ಅಳೆಯುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದು. ಜನ ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ಮುಖ, ಕತ್ತು ಸೇರಿ ಒಂದು ಟೀ ಚಮಚ ಬೇಕು, ಒಂದೊಂದು ಕೈಗೆ ಒಂದೊಂದು. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬ್ ಒಂದು ತಿಂಗಳೂ ಬರುವುದಿಲ್ಲ, ಹಾಗಾಗಿ ಮೈಗೆ ಸೂಪರ್ ಮಾರ್ಕೆಟ್ಟಿನ ಲೀಟರ್ ಪಂಪ್ ಬಾಟಲಿ ತನ್ನಿ, ದುಬಾರಿ ಟ್ಯೂಬ್ ಮುಖಕ್ಕೆ ಇರಲಿ. ಡಬ್ಬದ ಮೇಲಿನ ಅಂಕೆಯನ್ನು ಪೂರ್ತಿ ನಂಬಲೂ ಬೇಡಿ. 2025ರಲ್ಲಿ ಇಲ್ಲಿನ ಗ್ರಾಹಕ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್ ಪರೀಕ್ಷೆ ಮಾಡಿಸಿದಾಗ 16ರಲ್ಲಿ ಬರೆದಷ್ಟು ಎಸ್‌ಪಿಎಫ್ ಸಿಗಲಿಲ್ಲ. ಹಾಗಂತ ಬಿಡುವುದಲ್ಲ, ಅವುಗಳಲ್ಲಿ ಹಲವು ಕಡಿಮೆ ಆದರೂ ತಡೆಯುತ್ತಿದ್ದವು. ಟೋಪಿ, ತುಂಬು ತೋಳು, ನೆರಳು ಮೊದಲು, ಕ್ರೀಮ್ ಆಮೇಲೆ. ನಮ್ಮೂರ ಗದ್ದೆಯಲ್ಲಿ ಹೆಂಗಸರು ಸೀರೆ ಮೇಲೆ ಗಂಡಸರ ತುಂಬು ತೋಳಿನ ಅಂಗಿ ತೊಟ್ಟು ತಲೆಗೆ ಬಟ್ಟೆ ಕಟ್ಟಿ ನಾಟಿ ಮಾಡುತ್ತಾರಲ್ಲ, ಅದನ್ನು ಹೇಳಿದಾಗ ಡಾಕ್ಟರಮ್ಮ ಬಹಳ ಒಳ್ಳೆಯದು, ಬಿಡಬೇಡಿ ಅಂದರು. ಅಡಿಕೆ ಹಾಳೆ ಟೋಪಿಯದು ಒಂದೇ ತೊಂದರೆ, ಅದು ನೆತ್ತಿ ಮುಚ್ಚುತ್ತದೆ, ಕಿವಿ ಕತ್ತು ಹಾಗೇ ಉಳಿಯುತ್ತದೆ.

ಈಗ ಬೇಜಾರಿನ ವಿಷಯ. ಫೋನಿನಲ್ಲಿ ಎಷ್ಟಾಗುತ್ತದೆ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ. ಬಿಲ್ ತಲಾ 150 ಡಾಲರ್ ಆಸುಪಾಸು ಆಯಿತು. ನಮ್ಮಿಬ್ಬರಿಗೆ ಇಲ್ಲಿನ ಸರ್ಕಾರದ ಆರೋಗ್ಯ ಯೋಜನೆ ಮೆಡಿಕೇರ್‌ನಿಂದ ಅರ್ಧದಷ್ಟು ವಾಪಸ್ ಬಂತು, ಅತ್ತೆ ವಿಸಿಟರ್ ವೀಸಾದಲ್ಲಿ ಇರುವುದರಿಂದ ಅವರದ್ದು ಪೂರ್ತಿ ಕೈಯಿಂದ. ಫೋಟೋ ತೆಗೆದು ಇಡುವುದಕ್ಕೆ ಬೇರೆ ಚಾರ್ಜ್, ಅದನ್ನು ಬಿಲ್ ಬಂದ ಮೇಲೆ ಹೇಳಿದರು. ಅದಕ್ಕಿಂತ ಕೋಪ ಬಂದಿದ್ದು ಲೇಸರ್ ವಿಷಯಕ್ಕೆ. ದುಡ್ಡು ಕಟ್ಟುವಾಗ ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ಬಂಗು ತೆಗೆಯಲು ಲೇಸರ್ ಪ್ಯಾಕೇಜ್ ಇದೆ, ಈ ತಿಂಗಳು ರಿಯಾಯಿತಿ ಅಂತ ಹಾಳೆ ಕೈಗೆ ಕೊಟ್ಟಳು. ಡಾಕ್ಟರಮ್ಮ ಒಳಗೆ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕಂದು ಚರ್ಮಕ್ಕೆ ಲೇಸರ್ ಹಾಕಿದರೆ ಆ ಉರಿಗೇ ಮತ್ತೆ ಕಪ್ಪಾಗುವ ಅಪಾಯ ಇದೆ, ಬಂಗು ಮೊದಲಿಗಿಂತ ಕೆಟ್ಟದಾಗಬಹುದು. ಕ್ಯಾನ್ಸರ್ ಇದೆಯಾ ಅಂತ ಹೆದರಿ ಬಂದವರಿಗೆ ಹೊರಗೆ ಕಾಲಿಡುವಾಗ ಅಂದದ ಪ್ಯಾಕೇಜ್ ಮಾರುವುದು ತಪ್ಪು. ಇದನ್ನು ಅವರಿಗೆ ಇಮೇಲ್‌ನಲ್ಲಿ ಬರೆದೂ ಕಳಿಸಿದ್ದೇನೆ.

ಹಾಗಾಗಿ ಡಾಕ್ಟರಿಗೆ 5ಕ್ಕೆ 5, ಕ್ಲಿನಿಕ್‌ಗೆ 3. ಮತ್ತೆ ಹೋಗುತ್ತೇನಾ? ಅದೇ ಡಾಕ್ಟರ್ ಇದ್ದರೆ ಹೋಗುತ್ತೇನೆ. ನಮ್ಮಿಬ್ಬರಿಗೆ ವರ್ಷ ವರ್ಷ ಬರಬೇಕಿಲ್ಲ, ಹೊಸದೇನಾದರೂ ಕಂಡರೆ ಬನ್ನಿ ಅಂದಿದ್ದಾರೆ. ಸ್ತನ, ಕರುಳಿನ ಕ್ಯಾನ್ಸರಿಗೆ ಇರುವ ಹಾಗೆ ಚರ್ಮಕ್ಕೆ ಇಲ್ಲಿ ಸರ್ಕಾರದಿಂದ ಕಾಗದ ಬರುವುದಿಲ್ಲ, ನೀವೇ ನೆನಪಿಟ್ಟುಕೊಂಡು ಹೋಗಬೇಕು. ಕೈಯಿಂದ ದುಡ್ಡು ಕೇಳದೆ ಮೆಡಿಕೇರ್ ಮೇಲೆಯೇ ಪೂರ್ತಿ ಮಾಡುವ ಕ್ಲಿನಿಕ್‌ಗಳೂ ಇವೆ, ನಿಮ್ಮ ಮಾಮೂಲಿ ಜಿಪಿಯೂ (ಫ್ಯಾಮಿಲಿ ಡಾಕ್ಟರ್) ಮಾಡಬಹುದು. ಫೋನ್ ಮಾಡಿದಾಗ ಡರ್ಮಟೋಸ್ಕೋಪ್ ಬಳಸುತ್ತೀರಾ, ಅಂಗಾಲು ಉಗುರು ನೋಡುತ್ತೀರಾ, ಫೋಟೋಗೆ ಬೇರೆ ದುಡ್ಡಾ, ಎಷ್ಟು ನಿಮಿಷ ಕೊಡುತ್ತೀರಾ ಅಂತ ಕೇಳಿ. ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೆ ಇಲ್ಲೇ ಮಾಡಿಸಬೇಕಾ ಅಂತ ಕೇಳುವವರಿಗೆ: ಅನುಮಾನದ ಗುರುತು ಏನೂ ಇಲ್ಲದಿದ್ದರೆ ಅವಸರ ಬೇಡ, ಇಲ್ಲಿ ಕೊಡುವ ದುಡ್ಡಿಗಿಂತ ಎಷ್ಟೋ ಕಡಿಮೆಗೆ ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಚರ್ಮದ ಡಾಕ್ಟರ್ ನೋಡುತ್ತಾರೆ. ಡರ್ಮಟೋಸ್ಕೋಪ್ ಅಲ್ಲೂ ಇರುತ್ತದೆ. ಹೋದಾಗ ಚಪ್ಪಲಿ ಕಳಚಿ, ಕಾಲುಂಗುರ ತೆಗೆದು, ಅಂಗಾಲು ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಆದರೆ ಉಗುರಲ್ಲಿ ಒಂದೇ ಗೆರೆ ಅಗಲವಾಗುತ್ತಿದ್ದರೆ, ಅಂಗಾಲಿನಲ್ಲಿ ಕಪ್ಪು ಕಲೆ ಬೆಳೆಯುತ್ತಿದ್ದರೆ, ಎಲ್ಲೇ ಆಗಲಿ ಹುಣ್ಣು ತಿಂಗಳಾದರೂ ಒಣಗದಿದ್ದರೆ, ಟಿಕೆಟ್ ದಿನಕ್ಕೆ ಕಾಯಬೇಡಿ, ಇದೇ ವಾರ ಇಲ್ಲೇ ತೋರಿಸಿ.